ಕೀಲಿನ ಮೇಲೆ ಕೂತ ಭಾರ

ಎಲ್ಲರಿಗೂ ನಮಸ್ಕಾರ.

ಕಬ್ಬು ಕಟಾವಿನ ಕಾಲದಲ್ಲಿ ಮಂಡ್ಯದ ಕಡೆಯೋ ಬೆಳಗಾವಿಯ ಕಡೆಯೋ ಹೋದರೆ, ನಾಲ್ಕು ಚಕ್ರದ ಎರಡು ಟ್ರೇಲರ್‌ಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರ್ ಕಾಣುತ್ತದೆ. ಅಲ್ಲಿ ಕೀಲಿಗೆ ಎಳೆಯುವ ಕೆಲಸ ಒಂದೇ. ಪಿನ್ನು ಕಿತ್ತರೂ ಟ್ರೇಲರ್ ತನ್ನ ಚಕ್ರಗಳ ಮೇಲೆ ತಾನೇ ನಿಲ್ಲುತ್ತದೆ. ಕಂಟೇನರ್ ಲಾರಿಯದು ಹಾಗಲ್ಲ. ಅದರ ಟ್ರೇಲರ್‌ಗೆ ಮುಂದಿನ ಚಕ್ರಗಳೇ ಇಲ್ಲ; ಮೂತಿ ಮುಂದಿನ ಗಾಡಿಯ ಬೆನ್ನ ಮೇಲೆ ಕೂತಿರುತ್ತದೆ. ಬಿಚ್ಚಬೇಕಾದರೆ ಕಬ್ಬಿಣದ ಕಾಲು ಇಳಿಸಬೇಕು. ಎಳೆಯುವುದು, ಹೊರುವುದು, ತಿರುಗಲು ಬಿಡುವುದು, ಈ ಮೂರನ್ನೂ ಒಂದೇ ಕೀಲು ಮಾಡುವ ಗಾಡಿಗಳ ಬಗ್ಗೆ ಇವತ್ತಿನ ಮಾತು.

ರೈಲಿನದು ಮೊದಲು ಮುಗಿಸೋಣ. ಊರಲ್ಲಿ ನಾವು ಬೋಗಿ ಅನ್ನುವುದು ಜನ ಕೂರುವ ಡಬ್ಬಿಗೆ. ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗಿನ ಚಕ್ರ, ಆಕ್ಸಲ್, ಸ್ಪ್ರಿಂಗ್ ಸೇರಿದ ಚೌಕಟ್ಟು. ಸಾಮಾನ್ಯವಾಗಿ ಒಂದು ಡಬ್ಬಿಗೆ ಎರಡು. ಎರಡು ಡಬ್ಬಿಗಳ ತುದಿಗಳನ್ನು ನಡುವಿನ ಒಂದೇ ಬೋಗಿಯ ಮೇಲೆ ಕೂರಿಸುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ಯಾಕೋಬ್ಸ್ ಅವರ ಹೆಸರಿದೆ. ಫ್ರಾನ್ಸಿನ ಅತಿವೇಗದ ರೈಲು ಟಿಜಿವಿ ಇದನ್ನೇ ಹಿಡಿಯಿತು. ಎರಡು ತುದಿಗೆ ಎಂಜಿನ್, ನಡುವೆ 8 ಡಬ್ಬಿ ಇರುವ ರೈಲಿಗೆ 20 ಬೋಗಿ ಬೇಕಿದ್ದ ಕಡೆ 13 ಸಾಕಾಯಿತು. ಆದರೆ ಪ್ರತಿ ಆಕ್ಸಲ್ ಮೇಲೆ ಭಾರ ಹೆಚ್ಚುತ್ತದೆ; ಅಲ್ಲಿನ ಮಿತಿ 17 ಟನ್. ಹಾಗಾಗಿ ಡಬ್ಬಿ ಗಿಡ್ಡವಾಗಿರಬೇಕು, ಹಗುರವಾಗಿರಬೇಕು. ಒಂದು ಡಬ್ಬಿ ಕೆಟ್ಟರೆ ಅದನ್ನಷ್ಟೇ ಕಳಚಿ ಬದಿಗಿಡಲು ಆಗುವುದಿಲ್ಲ, ಇಡೀ ರೈಲು ವರ್ಕ್‌ಶಾಪಿಗೆ ಹೋಗಬೇಕು.

ಲಾಭ ಗೊತ್ತಾಗಿದ್ದು 1993ರ ಡಿಸೆಂಬರ್ 21ರಂದು. ಉತ್ತರ ಫ್ರಾನ್ಸಿನಲ್ಲಿ ಮಳೆಗೆ ಹಳಿಯಡಿಯ ನೆಲ ಕುಸಿದಿತ್ತು, ಮೊದಲ ಮಹಾಯುದ್ಧದ ಹಳೆಯ ಕಂದಕ ಅದು. 294 ಕಿ.ಮೀ. ವೇಗದ ಟಿಜಿವಿಯ ಹಿಂಭಾಗ ಹಳಿ ತಪ್ಪಿತು. ಡಬ್ಬಿಗಳು ಮಡಚಿಕೊಳ್ಳಲಿಲ್ಲ, ಉರುಳಲೂ ಇಲ್ಲ, ಯಾರೂ ಸಾಯಲಿಲ್ಲ. ಡಬ್ಬಿಗಳ ನಡುವಿನ ಗಟ್ಟಿ ಕೀಲು ಮತ್ತು ಕುಲುಕಾಟ ತಡೆಯುವ ಡ್ಯಾಂಪರ್‌ಗಳು ಸಾಲನ್ನು ನೇರ ಹಿಡಿದಿದ್ದವು.

ರಸ್ತೆಯಲ್ಲಿ ಹಾಗೆ ಹಿಡಿಯುವವರು ಯಾರೂ ಇಲ್ಲ. ಲಾರಿಯ ಕೀಲು ಎಡಬಲ ಸಲೀಸಾಗಿ ತಿರುಗುತ್ತದೆ, ಹಂಪ್ ಬಂದರೆ ಮೇಲೆ ಕೆಳಗೆ ಬಾಗುತ್ತದೆ, ಆದರೆ ಪಕ್ಕಕ್ಕೆ ವಾಲಲು ಬಿಡುವುದಿಲ್ಲ. ಕಬ್ಬಿನ ಟ್ರೇಲರ್ ಎಷ್ಟೋ ಸಲ ತಾನೊಂದೇ ಮಗುಚುತ್ತದೆ; ಕಂಟೇನರ್ ಮಗುಚಿದರೆ ಕ್ಯಾಬಿನ್ನನ್ನೂ ಜೊತೆಗೆ ಕೆಡವುತ್ತದೆ.

ತಿರುವಿನ ಲೆಕ್ಕ ನೋಡಿ. ಮುಂದಿನ ಗಾಡಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರ, 3.5 ಮೀಟರ್; ಟ್ರೇಲರ್ ಮೂತಿಯಡಿ ಕೆಳಗೆ ಚಾಚಿದ ಕೀಲಿನ ಗೂಟವಾದ ಕಿಂಗ್ ಪಿನ್ನಿಂದ ಟ್ರೇಲರ್ ಆಕ್ಸಲ್‌ಗೆ 8 ಮೀಟರ್ ಎಂದಿಟ್ಟುಕೊಳ್ಳಿ. ಮುಂಚಕ್ರ 12 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತಲೇ ಇದ್ದರೆ, 12ರ ವರ್ಗದಿಂದ 3.5ರ ವರ್ಗ, 8ರ ವರ್ಗ ಎರಡನ್ನೂ ಕಳೆದು ವರ್ಗಮೂಲ ತೆಗೆಯಿರಿ. ಬರುವುದು ಸುಮಾರು 8.2. ಅಂದರೆ ಹಿಂದಿನ ಚಕ್ರ 3.8 ಮೀಟರ್ ಒಳಗೆ ಕತ್ತರಿಸಿಕೊಂಡು ಬರುತ್ತದೆ. ನಮ್ಮ ಹೆದ್ದಾರಿಯ ಒಂದು ಲೇನಿನ ಅಗಲವೇ 3.5 ಮೀಟರ್. ಮೂಲೆಯಲ್ಲಿ ಬೈಕ್ ನಿಲ್ಲಿಸಿಕೊಂಡವರು ಚಾಲಕನನ್ನು ಬೈಯುವ ಮೊದಲು ಈ ಲೆಕ್ಕ ತಿಳಿದಿರಬೇಕು.

ಇನ್ನು ಚಾಕು ಮಡಚಿದ ಹಾಗೆ ಗಾಡಿ ಮಡಚಿಕೊಳ್ಳುವುದು. ಎಂಜಿನ್ ಓಡಿಸುವ ಚಕ್ರಗಳು ಹಿಡಿತ ಬಿಟ್ಟಾಗ ಮುಂದಿನ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಟ್ರೇಲರ್ ಹಿಂದಿನಿಂದ ನೂಕುತ್ತಲೇ ಇರುತ್ತದೆ. ಖಾಲಿ ಟ್ರೇಲರ್‌ನಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಎಂಜಿನ್ ಓಡಿಸುವ ಆ ಚಕ್ರಗಳನ್ನು ನೆಲಕ್ಕೆ ಒತ್ತುವ ಭಾರ ಕೀಲಿನ ಮೇಲೆ ಇಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವಾಗ ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕನ್ನು ಒಮ್ಮೆಲೇ ಹಾಕುವುದೂ ಇದಕ್ಕೇ ತಪ್ಪು: ಅದು ಹಿಡಿಯುವುದು ಆ ಚಕ್ರಗಳನ್ನು ಮಾತ್ರ. ಜಾರಿದ ತಕ್ಷಣ ಚಾಲಕನ ಕಾಲು ಬ್ರೇಕನ್ನು ಇನ್ನಷ್ಟು ಒತ್ತುತ್ತದೆ. ಮಾಡಬೇಕಾದ್ದು ಬ್ರೇಕ್ ಬಿಟ್ಟು ಚಕ್ರ ಉರುಳಲು ಬಿಡುವುದು.

ಜೋಡಿಸುವಾಗ ಆಗುವ ತಪ್ಪು ಇನ್ನೂ ಸಾಮಾನ್ಯ. ಟ್ರೇಲರ್‌ನ ಚಕ್ರಕ್ಕೆ ಅಡ್ಡ ಕೊಡಿ. ಟ್ರೇಲರ್ ಮೂತಿಯಡಿಯ ತಟ್ಟೆ, ಮುಂದಿನ ಗಾಡಿಯ ಬೆನ್ನ ಮೇಲಿನ ಕೀಲಿನ ತಟ್ಟೆಯಾದ ಫಿಫ್ತ್ ವೀಲ್‌ಗೆ ಸಮನಾಗಿ, ಇಲ್ಲವೇ ತುಸು ಕೆಳಗಿರಬೇಕು. ಎತ್ತರದಲ್ಲಿದ್ದರೆ ಕಿಂಗ್ ಪಿನ್ ಅದನ್ನು ಹಿಡಿಯಬೇಕಾದ ದವಡೆಯ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ನಿಧಾನ ಹಿಂದೆ ಹೋಗಿ, ‘ಟಕ್’ ಅಂದ ಮೇಲೆ ಕೆಳ ಗೇರಿನಲ್ಲಿ ಮುಂದಕ್ಕೆ ಜಗ್ಗಿ ನೋಡಿ. ಇಷ್ಟಕ್ಕೇ ನಿಲ್ಲಿಸುವವರು ಬಹಳ. ಅರ್ಧ ಸಿಕ್ಕ ಪಿನ್ನೂ ಒಂದೆರಡು ಜಗ್ಗಿಗೆ ತಡೆಯುತ್ತದೆ, ಬಿಟ್ಟುಕೊಡುವುದು ಮುಂದಿನ ಹಳ್ಳದಲ್ಲಿ. ಎಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ಬಗ್ಗಿ ನೋಡಿ: ಎರಡು ತಟ್ಟೆಗಳ ನಡುವೆ ಬೆಳಕು ಕಾಣಬಾರದು, ದವಡೆ ಪಿನ್ನಿನ ಕುತ್ತಿಗೆಯನ್ನು ಪೂರ್ತಿ ಹಿಡಿದಿರಬೇಕು. ಆಮೇಲೆ ಕೆಂಪು, ಹಳದಿ ಏರ್ ಪೈಪು, ಲೈಟಿನ ವೈರು. ಕಬ್ಬಿಣದ ಕಾಲು ಮೇಲೆತ್ತುವುದು ಕೊನೆಗೆ.

ಫಿಫ್ತ್ ವೀಲ್ ಮೇಲಿನ ಗ್ರೀಸ್ ಒಣಗಿದರೆ ತಿರುವು ಮುಗಿದ ಮೇಲೂ ಗಾಡಿ ನೇರವಾಗಲು ಒಲ್ಲದು, ಸ್ಟೇರಿಂಗ್ ಜಡವಾಗುತ್ತದೆ. ಹಳೆಯದನ್ನು ಒರೆಸದೆ ಮೇಲೆ ಮೇಲೆ ಬಳಿದರೂ ಕೆಡುಕೇ. ಧೂಳು ಸೇರಿ ಅದು ಉಪ್ಪುಕಾಗದದಂತೆ ತೇಯುತ್ತದೆ. ಬ್ರೇಕ್ ಹಾಕಿದಾಗ ಬೆನ್ನಿನಲ್ಲಿ ‘ಧಡ್’ ಎಂದರೆ ದವಡೆಯೋ ಪಿನ್ನೋ ಸವೆದಿದೆ. ಎರಡು ಇಂಚಿನ ಕಿಂಗ್ ಪಿನ್ ಹೊಸದರಲ್ಲಿ 50.8 ಮಿ.ಮೀ.; 49ಕ್ಕೆ ಇಳಿದರೆ ತೆಗೆದುಹಾಕಿ. ವೆಲ್ಡಿಂಗ್ ಮಾಡಿ ದಪ್ಪ ಮಾಡಿಸುವವರಿದ್ದಾರೆ. ಹದ ಕೊಟ್ಟ ಉಕ್ಕು ಅದು. ಬೆಸುಗೆಯ ಬಿಸಿಗೆ ಹದ ಹೋಗಿ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಗ್ರೀಸಿನ ಕೆಳಗೆ ಆ ಬಿರುಕು ಕಾಣುವುದೂ ಇಲ್ಲ.