ಔದಾಸೀನ್ಯ ವಕ್ರರೇಖೆ: ತೃಪ್ತಿಯನ್ನು ಅಳೆಯದೆ ಆಯ್ಕೆಯನ್ನು ಅರಿಯುವ ಬಗೆ

ಮಾನ್ಯ ಸಭಿಕರೆ,

ಒಂದು ವಸ್ತುವಿನಿಂದ ಒಬ್ಬ ವ್ಯಕ್ತಿಗೆ ದೊರೆಯುವ ತೃಪ್ತಿ ಎಷ್ಟು ಎಂದು ಅಳೆಯಲು ಸಾಧ್ಯವೇ ಎಂಬ ಪ್ರಶ್ನೆ ಅರ್ಥಶಾಸ್ತ್ರಜ್ಞರನ್ನು ಹಲವು ದಶಕಗಳ ಕಾಲ ಕಾಡಿತು. 1871ರಲ್ಲಿ ಜೆವೊನ್ಸ್ ಮತ್ತು ಮೆಂಗರ್, 1874ರಲ್ಲಿ ವಾಲ್ರಾಸ್, ಒಬ್ಬರಿಗೊಬ್ಬರು ತಿಳಿಯದೆಯೇ ಒಂದೇ ನಿಲುವಿಗೆ ಬಂದಿದ್ದರು: ವಸ್ತುವಿನ ಮೌಲ್ಯವನ್ನು ನಿರ್ಧರಿಸುವುದು ಅದರ ಒಟ್ಟು ಉಪಯೋಗವಲ್ಲ, ಅದರ ಕೊನೆಯ ಘಟಕದಿಂದ ಸಿಗುವ ಹೆಚ್ಚುವರಿ ತೃಪ್ತಿ, ಅಂದರೆ ಸೀಮಾಂತ ತುಷ್ಟಿಗುಣ. ಈ ವಿಚಾರ ಫಲವತ್ತಾದದ್ದೇ. ಆದರೆ ತುಷ್ಟಿಗುಣವನ್ನು ಯಾವ ಮಾನದಿಂದ ಅಳೆಯಬೇಕೆಂಬುದಕ್ಕೆ ಅವರಲ್ಲಿ ತೃಪ್ತಿಕರ ಉತ್ತರವಿರಲಿಲ್ಲ. ಉದ್ದಕ್ಕೆ ಮೀಟರ್ ಇದೆ, ತೂಕಕ್ಕೆ ಕಿಲೋಗ್ರಾಂ ಇದೆ. ತೃಪ್ತಿಗೆ ಅಂಥದ್ದೊಂದು ಇಲ್ಲ.

ಆ ಅಳತೆಯ ಅಗತ್ಯವೇ ಇಲ್ಲದ ಒಂದು ದಾರಿಯನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ. ಅನುಭೋಗಿಯ ಆಯ್ಕೆಯನ್ನು ವಿವರಿಸಲು ಅವನ ತೃಪ್ತಿಯ ಪ್ರಮಾಣ ನಮಗೆ ಬೇಕಿಲ್ಲ. ಒಂದನ್ನು ಪಡೆಯಲು ಇನ್ನೊಂದರಲ್ಲಿ ಎಷ್ಟನ್ನು ಬಿಟ್ಟುಕೊಡಲು ಅವನು ಸಿದ್ಧನಿದ್ದಾನೆ ಎಂಬುದು ತಿಳಿದರೆ ಸಾಕು. ಅವನಿಗೆ ಸಮಾನವೆನಿಸುವ ಕಟ್ಟುಗಳನ್ನು, ಅಂದರೆ ಎರಡು ವಸ್ತುಗಳ ಬೇರೆ ಬೇರೆ ಪ್ರಮಾಣಗಳ ಜೋಡಿಗಳನ್ನು, ಸೇರಿಸುವ ಔದಾಸೀನ್ಯ ವಕ್ರರೇಖೆ ಚಿತ್ರಿಸುವುದು ಈ ಸಿದ್ಧತೆಯನ್ನೇ.

ಈ ರೇಖೆಯನ್ನು ಮೊದಲು ಬಳಕೆಗೆ ತಂದವನು ಎಡ್ಜ್‌ವರ್ತ್, 1881ರಲ್ಲಿ. ಅವನಿಗೆ ಸುಖವನ್ನು ಅಳೆಯಬಹುದೆಂಬ ನಂಬಿಕೆ ಇತ್ತು. ಆದ್ದರಿಂದ ಅವನು ತುಷ್ಟಿಗುಣದಿಂದ ಹೊರಟು ರೇಖೆಯನ್ನು ತಲುಪಿದ. 1906ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪರೆಟೊ ಈ ದಿಕ್ಕನ್ನೇ ತಿರುಗಿಸಿದ. ರೇಖೆಗಳನ್ನೇ ಆರಂಭದ ದತ್ತಾಂಶವೆಂದು ಇಟ್ಟುಕೊಂಡರೆ, ತುಷ್ಟಿಗುಣವೆಂಬುದು ಅವುಗಳಿಗೆ ನಾವು ಅಂಟಿಸುವ ಕ್ರಮಸಂಖ್ಯೆ ಮಾತ್ರವಾಗಿ ಉಳಿಯುತ್ತದೆ ಎಂದು ಅವನು ಕಂಡುಕೊಂಡ. ಮೂರು ರೇಖೆಗಳಿಗೆ 1, 2, 3 ಎಂದು ಹೆಸರಿಟ್ಟರೂ 5, 70, 900 ಎಂದು ಹೆಸರಿಟ್ಟರೂ ಅನುಭೋಗಿಯ ನಡವಳಿಕೆಯ ಬಗ್ಗೆ ನಾವು ಹೇಳುವ ಮಾತಿನಲ್ಲಿ ಏನೂ ವ್ಯತ್ಯಾಸವಾಗದು. ಏರಿಕೆಯ ಕ್ರಮ ಉಳಿದರೆ ಸಾಕು. ಈ ವಿಷಯದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವನ್ನು ನಾನು ಕಾಣೆ.

ಈ ಕ್ರಮ ನಿಲ್ಲಬೇಕಾದರೆ ಅನುಭೋಗಿಯಿಂದ ಕೆಲವನ್ನು ನಿರೀಕ್ಷಿಸಲೇಬೇಕಾಗುತ್ತದೆ. ಯಾವುದೇ ಎರಡು ಕಟ್ಟುಗಳನ್ನು ಮುಂದಿಟ್ಟಾಗ ಯಾವುದು ಮೇಲು, ಅಥವಾ ಎರಡೂ ಸಮವೇ, ಎಂದು ಅವನು ಹೇಳಬಲ್ಲವನಾಗಿರಬೇಕು. ಮೊದಲನೆಯದು ಎರಡನೆಯದಕ್ಕಿಂತಲೂ ಎರಡನೆಯದು ಮೂರನೆಯದಕ್ಕಿಂತಲೂ ಮೇಲಾದರೆ, ಮೊದಲನೆಯದು ಮೂರನೆಯದಕ್ಕಿಂತ ಮೇಲೆಂದು ಅವನು ಒಪ್ಪಬೇಕು. ಸಮವೆಂಬ ತೀರ್ಪಿಗೂ ಇದೇ ನಿಯಮ. ಒಳ್ಳೆಯ ವಸ್ತು ಹೆಚ್ಚಿದ್ದಷ್ಟೂ ಮೇಲು ಎಂಬುದು ಇನ್ನೊಂದು ಅಂಶ. ಎರಡು ಔದಾಸೀನ್ಯ ವಕ್ರರೇಖೆಗಳು ಒಂದನ್ನೊಂದು ಕತ್ತರಿಸಲಾರವು ಎಂಬುದು ಇಷ್ಟರಿಂದಲೇ ಸಿದ್ಧವಾಗುತ್ತದೆ. ಕತ್ತರಿಸಿದರೆ, ಛೇದಬಿಂದುವಿನ ಮೂಲಕ ಎರಡೂ ರೇಖೆಗಳ ಮೇಲಿನ ಎಲ್ಲ ಕಟ್ಟುಗಳು ಸಮವೆಂದಾಗುತ್ತದೆ. ಆದರೆ ಛೇದಬಿಂದುವಿನಾಚೆ ಒಂದು ರೇಖೆ ಇನ್ನೊಂದರ ಮೇಲೆ ಸಾಗುವುದರಿಂದ, ಅಲ್ಲಿನ ಕಟ್ಟಿನಲ್ಲಿ ಎರಡೂ ವಸ್ತುಗಳು ಹೆಚ್ಚಿರುವ ಬಿಂದು ಸಿಕ್ಕೇ ಸಿಗುತ್ತದೆ. ಹೆಚ್ಚಿರುವುದೂ ಕಡಿಮೆಯಿರುವುದೂ ಸಮವೆನ್ನುವ ವಿರೋಧಾಭಾಸಕ್ಕೆ ನಾವು ಬಂದು ನಿಲ್ಲುತ್ತೇವೆ.

ಈಗ ಅಂಕಿಗಳೊಂದಿಗೆ ನೋಡೋಣ. ಬಟ್ಟೆ ಮತ್ತು ಧಾನ್ಯ ಎಂಬ ಎರಡೇ ವಸ್ತುಗಳಿವೆ ಎಂದಿಟ್ಟುಕೊಳ್ಳಿ. 3 ಘಟಕ ಬಟ್ಟೆ ಮತ್ತು 24 ಘಟಕ ಧಾನ್ಯ. 4 ಮತ್ತು 18. 6 ಮತ್ತು 12. 9 ಮತ್ತು 8. 12 ಮತ್ತು 6. ಈ ಐದೂ ಕಟ್ಟುಗಳು ಒಬ್ಬ ಅನುಭೋಗಿಗೆ ಸಮಾನವಾಗಿವೆ, ಅಂದರೆ ಒಂದೇ ರೇಖೆಯ ಮೇಲಿವೆ. ಬಟ್ಟೆ 3ರಿಂದ 4ಕ್ಕೆ ಏರಲು ಅವನು 6 ಘಟಕ ಧಾನ್ಯ ಬಿಡುತ್ತಾನೆ. 4ರಿಂದ 6ಕ್ಕೆ ಹೋಗುವಾಗ ಬಟ್ಟೆಯ ಪ್ರತಿ ಘಟಕಕ್ಕೆ ಸರಾಸರಿ 3 ಘಟಕ ಮಾತ್ರ. 9ರಿಂದ 12ಕ್ಕೆ ಹೋಗುವಾಗ ಒಂದು ಘಟಕವನ್ನೂ ಪೂರ್ತಿ ಬಿಡುವುದಿಲ್ಲ. ಈ ದರವೇ ಸೀಮಾಂತ ಬದಲಿ ದರ. ಬಟ್ಟೆ ಹೆಚ್ಚಾದಂತೆ ಮತ್ತು ಧಾನ್ಯ ವಿರಳವಾದಂತೆ ದರ ಇಳಿಯುವುದರಿಂದ ರೇಖೆ ಮೂಲಬಿಂದುವಿನ ಕಡೆಗೆ ಉಬ್ಬಿಕೊಂಡಿರುತ್ತದೆ. ಇಲ್ಲಿ ತೃಪ್ತಿಯ ಪ್ರಮಾಣದ ಬಗ್ಗೆ ಒಂದು ಮಾತೂ ಬರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಬಂದದ್ದೆಲ್ಲ ವಸ್ತುಗಳ ಎಣಿಕೆ ಮಾತ್ರ.

ಮಾರುಕಟ್ಟೆಯಲ್ಲಿ ಬಟ್ಟೆಯ ಬೆಲೆ ಘಟಕಕ್ಕೆ 2, ಧಾನ್ಯದ ಬೆಲೆ 1 ಎಂದಿರಲಿ. ಐದು ಕಟ್ಟುಗಳ ಖರ್ಚನ್ನು ಲೆಕ್ಕ ಹಾಕಿದರೆ ಕ್ರಮವಾಗಿ 30, 26, 24, 26, 30 ಬರುತ್ತದೆ. ನಡುವಿನದೇ ಅತಿ ಅಗ್ಗ. 24ರ ಆದಾಯವಿರುವವನು ಈ ರೇಖೆಯನ್ನು ಮುಟ್ಟಬಲ್ಲದ್ದು 6 ಮತ್ತು 12ರ ಕಟ್ಟಿನಲ್ಲಿ ಮಾತ್ರ. ಅಲ್ಲಿ ಬಜೆಟ್ ರೇಖೆ, ಅಂದರೆ ಅವನ ಆದಾಯವೆಲ್ಲ ಖರ್ಚಾಗುವ ಕಟ್ಟುಗಳ ರೇಖೆ, ವಕ್ರರೇಖೆಯನ್ನು ಸ್ಪರ್ಶಿಸುತ್ತದೆ, ಮತ್ತು ಅವನು ಮನಸ್ಸಿನಲ್ಲಿ ಕೊಡಲು ಸಿದ್ಧನಿರುವ ದರವೂ ಮಾರುಕಟ್ಟೆ ಕೇಳುವ ದರವೂ ಒಂದಾಗುತ್ತವೆ. ಅನುಭೋಗಿಯ ಸಮತೋಲನವೆಂದು ಪಠ್ಯಗಳು ಹೇಳುವುದು ಇದನ್ನೇ.

ಈ ವಿಧಾನದ ನಿಜವಾದ ಬಲ ಗೊತ್ತಾಗುವುದು ಬೆಲೆ ಬದಲಾದಾಗ. ನಮ್ಮ ಅನುಭೋಗಿಯ ಪ್ರತಿಯೊಂದು ರೇಖೆಯ ಮೇಲೂ ಎರಡು ವಸ್ತುಗಳ ಪ್ರಮಾಣಗಳ ಗುಣಲಬ್ಧ ಸ್ಥಿರವಾಗಿದೆ ಎಂದುಕೊಳ್ಳೋಣ; ಮೇಲಿನ ಐದು ಕಟ್ಟುಗಳಲ್ಲಿ ಅದು 72. ಬಟ್ಟೆಯ ಬೆಲೆ 2ರಿಂದ 1ಕ್ಕೆ ಇಳಿದರೆ ಅವನು ಕೊಳ್ಳುವ ಬಟ್ಟೆ 6ರಿಂದ 12ಕ್ಕೆ ಏರುತ್ತದೆ. ಆದರೆ ಈ ಏರಿಕೆಗೆ ಕಾರಣ ಒಂದಲ್ಲ. ಹಳೆಯ ಕಟ್ಟಿಗೆ ಈಗ 18 ಸಾಕಾಗುವುದರಿಂದ, ಅವನ ಕೈಯಲ್ಲಿ 6 ಉಳಿದಂತಾಯಿತು. ಆ 6ನ್ನು ಹಿಂತೆಗೆದುಕೊಂಡು 18ರ ಆದಾಯವನ್ನಷ್ಟೇ ಬಿಟ್ಟರೆ ಅವನು 9 ಬಟ್ಟೆ, 9 ಧಾನ್ಯ ಕೊಳ್ಳುತ್ತಾನೆ. 6ರಿಂದ 9ಕ್ಕೆ ಆದ ಏರಿಕೆ, ಬಟ್ಟೆ ಧಾನ್ಯಕ್ಕಿಂತ ಸಾಪೇಕ್ಷವಾಗಿ ಅಗ್ಗವಾದುದರ ಫಲ, ಅಂದರೆ ಬದಲಿ ಪರಿಣಾಮ. 9ರಿಂದ 12ಕ್ಕೆ ಆದದ್ದು ಕೊಳ್ಳುವ ಶಕ್ತಿ ಹೆಚ್ಚಿದುದರ ಫಲ, ಅಂದರೆ ಆದಾಯ ಪರಿಣಾಮ. ಈ ವಿಭಜನೆಯನ್ನು ರಷ್ಯಾದ ಸ್ಲಟ್ಸ್ಕಿ 1915ರಲ್ಲೇ ಒಂದು ಇಟಾಲಿಯನ್ ಪತ್ರಿಕೆಯಲ್ಲಿ ಪ್ರಕಟಿಸಿದ್ದ. ಯುದ್ಧಕಾಲದ ಆ ಲೇಖನವನ್ನು ಬಹುಕಾಲ ಯಾರೂ ಗಮನಿಸಲಿಲ್ಲ. 1934ರಲ್ಲಿ ಹಿಕ್ಸ್ ಮತ್ತು ಆಲೆನ್ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ ನಂತರವಷ್ಟೇ ಅವನಿಗೆ ಸಲ್ಲಬೇಕಾದ ಮನ್ನಣೆ ಸಂದಿತು.

ಬೆಲೆ ಇಳಿದಾಗ ಬದಲಿ ಪರಿಣಾಮ ಬೇಡಿಕೆಯನ್ನು ಎಂದಿಗೂ ತಗ್ಗಿಸುವುದಿಲ್ಲ. ಆದಾಯ ಪರಿಣಾಮಕ್ಕೆ ಆ ಕಟ್ಟುಪಾಡಿಲ್ಲ. ಬಡತನದಿಂದ ಅನಿವಾರ್ಯವಾಗಿ ತಿನ್ನುವ ಅಗ್ಗದ ಆಹಾರವೇ ಖರ್ಚಿನ ದೊಡ್ಡ ಪಾಲಾಗಿರುವಲ್ಲಿ, ಅದರ ಬೆಲೆ ಇಳಿದಾಗ ಉಳಿದ ಹಣ ಬೇರೆ ಆಹಾರದ ಕಡೆಗೆ ಹರಿದು, ಆ ವಸ್ತುವಿನ ಬೇಡಿಕೆಯೇ ಕುಸಿಯಬಹುದು. ಇದನ್ನು ಗಿಫೆನ್ ಸ್ಥಿತಿ ಎನ್ನುತ್ತಾರೆ. ಬಹುಕಾಲ ಕಾಗದದ ಮೇಲಿನ ಸಾಧ್ಯತೆಯೆಂದೇ ಎಣಿಸಲಾಗಿದ್ದ ಇದು, ಚೀನಾದ ಹುನಾನ್ ಪ್ರಾಂತ್ಯದ ಬಡ ಕುಟುಂಬಗಳಿಗೆ ಅಕ್ಕಿಯ ಬೆಲೆಯಲ್ಲಿ ರಿಯಾಯಿತಿ ಕೊಟ್ಟಾಗ ನಿಜವಾಗಿಯೂ ಕಂಡುಬಂತೆಂದು ಜೆನ್ಸನ್ ಮತ್ತು ಮಿಲ್ಲರ್ 2008ರಲ್ಲಿ ವರದಿ ಮಾಡಿದರು. ಅಳೆಯಲಾಗದ ತೃಪ್ತಿಯನ್ನು ಬದಿಗಿಟ್ಟ ಒಂದು ಸಿದ್ಧಾಂತ, ಬಡವರ ತಟ್ಟೆಯಲ್ಲಿ ಆಗುವ ಬದಲಾವಣೆಯನ್ನು ಇಷ್ಟು ನಿಖರವಾಗಿ ಹೇಳಬಲ್ಲದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇದಕ್ಕೆ ತೆತ್ತ ಬೆಲೆಯೂ ಇದೆ. ಕ್ರಮವನ್ನಷ್ಟೇ ಉಳಿಸಿಕೊಂಡ ಮೇಲೆ, ಒಬ್ಬನಿಗೆ ಸಿಕ್ಕ ತೃಪ್ತಿಯನ್ನು ಮತ್ತೊಬ್ಬನದರೊಂದಿಗೆ ಹೋಲಿಸುವ ಆಧಾರ ಕೈತಪ್ಪುತ್ತದೆ. ಶ್ರೀಮಂತನಿಂದ ಬಡವನಿಗೆ ಹಣ ವರ್ಗಾಯಿಸಿದರೆ ಒಟ್ಟು ತೃಪ್ತಿ ಹೆಚ್ಚುತ್ತದೆ ಎಂಬ ಹಳೆಯ ವಾದವನ್ನು ಈ ರೇಖೆಗಳಿಂದ ಸಮರ್ಥಿಸಲೂ ಆಗದು, ತಳ್ಳಿಹಾಕಲೂ ಆಗದು. ಅದು ನ್ಯಾಯದ ಪ್ರಶ್ನೆ. ಅದಕ್ಕೆ ಬೇರೆಯೇ ಆಧಾರಗಳು ಬೇಕು. ಈ ರೇಖೆಗಳ ಮೌನವನ್ನು ವರ್ಗಾವಣೆಯ ವಿರುದ್ಧದ ಸಾಕ್ಷಿಯೆಂದು ಬಳಸುವುದು ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಊಹೆಗಳೇ ಬಿರುಕು ಬಿಡುವ ಕಡೆಗಳೂ ಇವೆ. 1956ರಲ್ಲಿ ಗಣಿತೀಯ ಮನೋವಿಜ್ಞಾನಿ ಲೂಸ್ ಎತ್ತಿದ ಆಕ್ಷೇಪ ಸರಳವಾದುದು: ಒಂದು ಲೋಟ ಕಾಫಿಗೂ, ಅದಕ್ಕಿಂತ ಒಂದು ಕಣ ಸಕ್ಕರೆ ಹೆಚ್ಚಿರುವ ಇನ್ನೊಂದು ಲೋಟಕ್ಕೂ ವ್ಯತ್ಯಾಸವನ್ನು ಯಾರೂ ಗುರುತಿಸಲಾರರು, ಹೀಗೆ ಕಣ ಕಣ ಸೇರಿಸುತ್ತಾ ಹೋದರೆ ಪಕ್ಕಪಕ್ಕದ ಪ್ರತಿ ಜೋಡಿಯೂ ಸಮ, ಆದರೆ ಮೊದಲ ಮತ್ತು ಕೊನೆಯ ಲೋಟಗಳು ಸಮವಲ್ಲ. ಸಮತೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಎಂಬ ಊಹೆ ಇಲ್ಲಿ ಸೋಲುತ್ತದೆ.

ಇದಕ್ಕಿಂತ ಗಂಭೀರವಾದದ್ದು 1989ರಲ್ಲಿ ಅರ್ಥಶಾಸ್ತ್ರಜ್ಞ ನೆಚ್ ಪ್ರಕಟಿಸಿದ ಪ್ರಯೋಗ. ಒಂದು ಗುಂಪಿಗೆ ಮಗ್ ಕೊಟ್ಟು, ಚಾಕೊಲೇಟಿಗೆ ಬದಲಾಯಿಸಿಕೊಳ್ಳಬಹುದೆಂದು ಹೇಳಲಾಯಿತು. ಇನ್ನೊಂದು ಗುಂಪಿಗೆ ಚಾಕೊಲೇಟ್ ಕೊಟ್ಟು, ಮಗ್‌ಗೆ ಬದಲಾಯಿಸಿಕೊಳ್ಳಬಹುದೆಂದು. ಎರಡು ಗುಂಪುಗಳಲ್ಲೂ 10ರಲ್ಲಿ ಸುಮಾರು 9 ಜನ ಮೊದಲು ಸಿಕ್ಕಿದ್ದನ್ನೇ ಉಳಿಸಿಕೊಂಡರು, ಆದರೆ ಮುಕ್ತ ಆಯ್ಕೆ ಸಿಕ್ಕ ಮೂರನೆಯ ಗುಂಪು ಹೆಚ್ಚುಕಡಿಮೆ ಅರ್ಧರ್ಧವಾಗಿ ಒಡೆಯಿತು. ಒಂದೇ ರೇಖೆಯ ಮೇಲೆ ಮುಂದಕ್ಕೂ ಹಿಂದಕ್ಕೂ ಒಂದೇ ದರದಲ್ಲಿ ಚಲಿಸಬಹುದೆಂದು ನಾವು ಇಲ್ಲಿಯವರೆಗೆ ಸದ್ದಿಲ್ಲದೆ ಒಪ್ಪಿಕೊಂಡು ಬಂದಿದ್ದೆವು. ಬಿಟ್ಟುಕೊಡುವುದು ಪಡೆಯುವುದಕ್ಕಿಂತ ಭಾರವೆನಿಸುವಲ್ಲಿ ಆ ಒಪ್ಪಿಗೆ ನಿಲ್ಲದು. ಹಾಗೆಂದು ರೇಖೆಗಳನ್ನು ಕೈಬಿಟ್ಟವರು ಕಡಿಮೆ. 1991ರಲ್ಲಿ ಟ್ವೆರ್ಸ್ಕಿ ಮತ್ತು ಕಾನೆಮನ್ ಮಂಡಿಸಿದ ಮಾದರಿಯಲ್ಲಿ ವ್ಯಕ್ತಿ ಈಗ ಎಲ್ಲಿ ನಿಂತಿದ್ದಾನೆ, ಅಂದರೆ ಅವನ ಕೈಯಲ್ಲಿ ಈಗಾಗಲೇ ಏನಿದೆ, ಎಂಬುದಕ್ಕೆ ತಕ್ಕಂತೆ ರೇಖೆಗಳೇ ಬದಲಾಗುತ್ತವೆ. ಹೀಗಾಗಿ ಒಂದು ನಿಲುವಿನಿಂದ ಎಳೆದ ರೇಖೆ ಇನ್ನೊಂದು ನಿಲುವಿನಿಂದ ಎಳೆದದ್ದನ್ನು ಕತ್ತರಿಸಬಹುದು. ಒಂದೇ ನಿಲುವಿಗೆ ಸೇರಿದ ರೇಖೆಗಳು ಮಾತ್ರ ಅಲ್ಲಿಯೂ ಪರಸ್ಪರ ಕತ್ತರಿಸುವುದಿಲ್ಲ.