ನೇಯ್ದವರನ್ನು ಕಂಡು ಕೊಂಡ ಸೀರೆ

ಕೇಳುಗರೆಲ್ಲರಿಗೂ ನಮಸ್ಕಾರ. ಉಡುಪಿ ಕೈಮಗ್ಗದ ಸೀರೆಯ ಮಾತು ಬಂದಾಗಲೆಲ್ಲ, ಇಷ್ಟು ಹಗುರವಾದ ಹತ್ತಿ ಸೀರೆಗೆ ಇಷ್ಟೊಂದು ಬೆಲೆ ಏಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಂಗಡಿಯಲ್ಲಿ ನಿಂತು ಕೇಳಿದರೆ ಇದಕ್ಕೆ ಮನಸ್ಸಿಗೆ ಒಪ್ಪುವ ಉತ್ತರ ಸಿಗುವುದು ಕಷ್ಟ. ಮಗ್ಗದ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತರೆ ಉತ್ತರ ಕಣ್ಣೆದುರೇ ಇರುತ್ತದೆ.

ನಮ್ಮ ಕರಾವಳಿಯಲ್ಲಿ ನೇಯ್ಗೆ ಹೊಸದಲ್ಲ. ನಾವು ಶೆಟ್ಟಿಗಾರರೆಂದು ಕರೆಯುವ ಪದ್ಮಶಾಲಿ ಮನೆತನಗಳ ಕುಲಕಸುಬು ಇದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮುಂದೆ ಇಲ್ಲಿ ನೇಯ್ಗೆ ಕಾರ್ಖಾನೆಯನ್ನೂ ತೆರೆಯಿತು. ಖಾಕಿ ಬಣ್ಣ ರೂಪುಗೊಂಡದ್ದು ಮಂಗಳೂರಿನ ಬಲ್ಮಠದಲ್ಲಿ, ಮಿಷನ್ನಿನ ನೇಯ್ಗೆಗಾರ ಹಾಲರ್ ಅವರ ಕೈಯಲ್ಲಿ ಎಂಬುದನ್ನು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆ ಕಾರ್ಖಾನೆಗಳ ಕಾಲ ಮುಗಿದು ಸಹಕಾರಿ ಸಂಘಗಳ ಕಾಲ ಬಂತು. ಉಡುಪಿ ಸೀರೆಗೆ ಈಗ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ, ಅಂದರೆ ಇದು ಈ ಪ್ರದೇಶದ್ದೇ ವಿಶೇಷವೆಂಬ ಅಧಿಕೃತ ಗುರುತೂ ಇದೆ. ಮಾನ್ಯತೆ ಹೆಸರನ್ನು ಕಾಯುತ್ತದೆ, ನಿಜ. ಆದರೆ ಮಗ್ಗದಲ್ಲಿ ಕೂರುವವರ ಕೂಲಿ ನಿಂತಿರುವುದು ಕೊಳ್ಳುವವರ ಮೇಲೆ.

ಕಿನ್ನಿಗೋಳಿ ಕಡೆಯ ಹಿರಿಯ ನೇಕಾರ ಮಹಿಳೆಯೊಬ್ಬರು, ನೋಡಲು ಬಂದವರಿಗೆ ಸೀರೆಗಿಂತ ಮೊದಲು ನೂಲನ್ನು ತೋರಿಸುತ್ತಾರೆ. “ಇದು ನಲವತ್ತು, ಇದು ಎಂಬತ್ತು, ಮುಟ್ಟಿ ನೋಡಿ ಅಕ್ಕ” ಎನ್ನುತ್ತಾರೆ. ಎಂಬತ್ತನೇ ನಂಬರಿನ ನೂಲಿಗೆ, ಅಷ್ಟೇ ಉದ್ದದ ನಲವತ್ತನೇ ನಂಬರಿನ ನೂಲಿನ ಅರ್ಧದಷ್ಟೇ ತೂಕ. ಎಳೆ ತೆಳುವಾದಷ್ಟೂ ಒಂದು ಅಂಗುಲ ಬಟ್ಟೆ ತುಂಬಲು, ಅಡ್ಡ ನೂಲನ್ನು ಒಯ್ಯುವ ಲಾಳಿ ಹೆಚ್ಚು ಸಲ ಓಡಬೇಕು. ಎಳೆ ಕಡಿಯುವುದೂ ಹೆಚ್ಚು. ಹಾಗಾಗಿ ಸೀರೆ ಹಗುರವಾದಷ್ಟೂ ದುಡಿಮೆ ಭಾರ. ಅವರು ಹೀಗೆ ವಿವರಿಸುತ್ತಿದ್ದಾಗಲೇ ಒಂದು ಎಳೆ ಕಡಿಯಿತು. ಅವರು ಮಗ್ಗ ನಿಲ್ಲಿಸಿ, ಸಾವಿರಾರು ಎಳೆಗಳ ನಡುವೆ ಕಡಿದದ್ದನ್ನು ಬೆರಳ ತುದಿಯಲ್ಲೇ ಹುಡುಕಿ, ಹೊಸ ತುಂಡು ಸೇರಿಸಿ ಹೊಸೆದು, ಬಾಚಣಿಗೆಯ ಹಲ್ಲಿನಂಥ ಸಂದಿನೊಳಗೆ ಅದನ್ನು ತೂರಿಸಿ, ಗಂಟು ಮೇಲೆ ಕಾಣದಂತೆ ಸವರಿ ಮತ್ತೆ ಹಗ್ಗ ಎಳೆದರು. ಮಾತು ಮಾತ್ರ ನಿಲ್ಲಲಿಲ್ಲ. ಮಳೆಗಾಲದಲ್ಲಿ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ, ನೂಲಿಗೆ ಬಳಿದ ಗಂಜಿ ಬೇಗ ಒಣಗುವುದಿಲ್ಲವೆಂದು, ಹೊಸ ಸೀರೆಯ ಬಿರುಸು ಕೆಲವು ಒಗೆತಗಳಲ್ಲಿ ಹೋಗಿ ನಮ್ಮ ಸೆಕೆಗೆ ಹೇಳಿ ಮಾಡಿಸಿದ ಮೆದು ಬರುತ್ತದೆಂದು ಹೇಳುತ್ತಲೇ ಇದ್ದರು. ತನ್ನ ಕೆಲಸವನ್ನು ಇಷ್ಟು ಪ್ರೀತಿಯಿಂದ ಹೇಳುವವರ ಮುಂದೆ ಚೌಕಾಸಿ ಮಾಡಲು ಯಾರಿಗಾದರೂ ನಾಲಿಗೆ ಏಳುವುದು ಕಷ್ಟ.

ಆದರೆ ಇಲ್ಲೊಂದು ಮಾತು ಹೇಳಲೇಬೇಕು. ನೇಕಾರರ ಮೇಲಿನ ಕನಿಕರದಿಂದ ಕೊಳ್ಳುವವರು ಸಾಮಾನ್ಯವಾಗಿ ಒಂದು ಸೀರೆ ಕೊಂಡು, ಕರ್ತವ್ಯ ಮುಗಿಯಿತೆಂದು ಅದನ್ನು ಕಪಾಟಿನಲ್ಲಿಡುತ್ತಾರೆ. ಕೆಲಸದ ಹದ ಅರಿತು, ಸೀರೆಯನ್ನು ಮೆಚ್ಚಿ ಕೊಂಡವರು ಅದನ್ನು ಉಟ್ಟು ತಿರುಗುತ್ತಾರೆ, ನೆಂಟರಿಗೆ ತೋರಿಸುತ್ತಾರೆ, ಎರಡನೆಯದಕ್ಕೆ ಮತ್ತೆ ಬರುತ್ತಾರೆ. ಮಗ್ಗ ಉಳಿಯುವುದು ಈ ಎರಡನೆಯ ಸೀರೆಯಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ. ಕನಿಕರವನ್ನು ನೇಕಾರರೂ ಬಯಸುವುದಿಲ್ಲ. ಅಂಚು ಸೆರಗುಗಳ ಬಣ್ಣ ಎಷ್ಟು ಚೆನ್ನಾಗಿ ಕೂಡಿದೆ ಎಂದು ಯಾರಾದರೂ ಹೇಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಕೊಳ್ಳುವವರು ಹೀಗೆ ಮಗ್ಗದ ಬಳಿಗೇ ಬಂದು ಪರಿಚಯವಾಗುವುದರಿಂದ ನೇಯುವವರಿಗೂ ಲಾಭವಿದೆ. ಕಚೇರಿಗೆ ಉಡಲು ಎಂಥ ಬಣ್ಣ ಬೇಕು, ಕಿರಿಯರು ಅಗಲ ಅಂಚನ್ನು ಇಷ್ಟಪಡುತ್ತಾರೆಯೇ ಎಂಬುದು ಉಡುವವರ ಬಾಯಿಂದಲೇ ಅವರಿಗೆ ತಿಳಿಯುತ್ತದೆ. ಹಾಗೆಂದು ನಮಗೆ ಬೇಕಾದ ಬಣ್ಣದಲ್ಲಿ ಒಂದೇ ಒಂದು ಸೀರೆ ನೇಯ್ದು ಕೊಡಿ ಎಂದು ಕೇಳುವುದು ಸರಿಯಾಗದು. ಒಮ್ಮೆ ಹಾಸು ಹೂಡಿದರೆ ಅದರಲ್ಲಿ ಹಲವು ಸೀರೆಗಳು ಬರುತ್ತವೆ. ಆ ಹಾಸಿನ ಬಣ್ಣಕ್ಕೆ ಒಪ್ಪುವ ಹೊಕ್ಕಿನ, ಅಂದರೆ ಅಡ್ಡ ನೂಲಿನ, ಬಣ್ಣವನ್ನು ನೇಕಾರರ ಜೊತೆ ಕುಳಿತು ಆರಿಸಬಹುದು, ಇಲ್ಲವೇ ಮನೆಯವರು ಗೆಳತಿಯರು ಸೇರಿ ಒಂದು ಹಾಸಿನ ಎಲ್ಲ ಸೀರೆಗಳಿಗೂ ಹೇಳಿ, ಮದುವೆಗೋ ಹಬ್ಬಕ್ಕೋ ಸಾಕಷ್ಟು ಮೊದಲೇ ಮಾತಾಡಿಕೊಂಡು, ನೇಯ್ದು ಮುಗಿಯುವವರೆಗೆ ಕಾಯಬಹುದು. ನಮಸ್ಕಾರ.