ಬಿಯರ್ ಮೇಲೆ ಬಿಳಿ ಪೊರೆ ಕಟ್ಟಿದೆ: ಚೆಲ್ಲಬೇಕೆ, ಕಾಯಬೇಕೆ?

(ಪರದೆಯ ಮೇಲೆ: ತೆರೆದ ಬಕೆಟ್‌ನ ಫೋಟೊ, ಐದು ಸೆಕೆಂಡು, ಮಾತಿಲ್ಲ)

ನಮಸ್ಕಾರ. ಸುಟ್ಟ ಹಪ್ಪಳದಂತೆ ಗುಳ್ಳೆ ಎದ್ದಿರುವ ಈ ಬಿಳಿ ಪೊರೆಯನ್ನು ನೋಡಿ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿರುವ ನನ್ನ ತಮ್ಮ ಮನೆಯಲ್ಲಿ ತಯಾರಿಸಿದ ಬಿಯರ್ ಇದು. ರಾತ್ರಿ ಹನ್ನೊಂದಕ್ಕೆ ಪುಣೆಯ ಕೋಥ್ರೂಡ್‌ನ ನಮ್ಮ ಮನೆಗೆ ವಿಡಿಯೋ ಕರೆ ಮಾಡಿ, "ಅಕ್ಕಾ, ಸೋಂಕು ತಗುಲಿದೆಯೆ? ಚೆಲ್ಲಿಬಿಡಲೆ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಇಣುಕಿದ ಅಮ್ಮ, "ಉಪ್ಪುನೀರಿನ ಮಾವಿನಕಾಯಿಯ ಮೇಲೆ ಕಟ್ಟುವುದೂ ಹೀಗೆಯೇ ಅಲ್ಲವೆ?" ಎಂದರು.

ಧಾರವಾಡದ ಅಡುಗೆಮನೆಯಲ್ಲಿ ಪಳಗಿದ ಕಣ್ಣು, ತಪ್ಪಲಿಲ್ಲ. ಗಾಳಿ ಸಿಕ್ಕಾಗ ಕಾಡು ಯೀಸ್ಟ್‌ಗಳು, ಕೆಲವು ಬ್ಯಾಕ್ಟೀರಿಯಾಗಳು ದ್ರವದ ಮೇಲೆ ಹೆಣೆಯುವ ಪೊರೆ ಇದು. ಭರಣಿಯಾದರೇನು, ಬಕೆಟ್ ಆದರೇನು.

ಮುಂದುವರಿಯುವ ಮೊದಲು ಒಂದು ಮಾತು. ಮಹಾರಾಷ್ಟ್ರದಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು 1949ರ ಮದ್ಯನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಅಮೆರಿಕದ ಕೇಂದ್ರ ಸರ್ಕಾರ 1978ರಲ್ಲಿ ಕಾನೂನು ಬದಲಿಸಿ ಮನೆಬಳಕೆಗೆ ಅವಕಾಶ ಕೊಟ್ಟಿತು. ಆದ್ದರಿಂದ ಬಕೆಟ್ ಅಲ್ಲಿದೆ, ಉಪದೇಶ ಮಾತ್ರ ಇಲ್ಲಿಂದ.

ಮೂಲಪಾಠ ಒಂದೇ ಉಸಿರಿನಲ್ಲಿ: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಸಿಹಿನೀರು ತೆಗೆದು, ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಕುದಿಯುವಾಗ ಭಯವಿಲ್ಲ. ಆರಿದ ಮೇಲೆ ಅದು ಬಾಗಿಲು ತೆರೆದಿಟ್ಟ ಮದುವೆಮನೆ. ಕರೆಯದವರೂ ಊಟಕ್ಕೆ ಬರುತ್ತಾರೆ.

ಹಾಗಾದರೆ ಆ ಕರೆಯದ ಅತಿಥಿ ತಮ್ಮನ ಬಕೆಟ್‌ಗೆ ಬಂದದ್ದು ಎಲ್ಲಿಂದ? "ನಾನು ಚೆನ್ನಾಗಿ ತೊಳೆದಿದ್ದೆ" ಎಂದು ಆಣೆ ಮಾಡಿದ. ತೊಳೆದಿದ್ದ, ನಿಜ. ಆದರೆ ಮುಸುರೆ ತಿಕ್ಕುವುದು ಬೇರೆ, ಮಡಿ ಬೇರೆ. ನಮ್ಮ ಅಜ್ಜಿಯನ್ನು ನೆನೆಯಿರಿ. ಪಾತ್ರೆ ಫಳಫಳ ಹೊಳೆಯುತ್ತಿದ್ದರೂ ಅದು ಮಡಿಯಲ್ಲ. ಮಡಿಯ ಸೀರೆಯನ್ನು ಕೋಲಿನಿಂದ ಎತ್ತಿ ಗಳದ ಮೇಲೆ ಒಣಹಾಕಿದ ಮೇಲೆ ಮಗು ಓಡಿಬಂದು ಮುಟ್ಟಿದರೆ ಮುಗಿಯಿತು, ಮತ್ತೆ ಮೊದಲಿನಿಂದ. ಬಿಯರ್ ಮಾಡುವವರ ಲೆಕ್ಕವೂ ಅದೇ. ಮೊದಲು ಜಿಡ್ಡು, ಕಸರು ಹೋಗುವಂತೆ ತಿಕ್ಕಬೇಕು; ಆಮೇಲೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ದ್ರಾವಣದಲ್ಲಿ ಅದ್ದಬೇಕು. ಜಿಡ್ಡು ಉಳಿದಿದ್ದರೆ ಅದರಡಿಯ ಜೀವಿಗಳನ್ನು ದ್ರಾವಣ ಮುಟ್ಟುವುದೇ ಇಲ್ಲ. ಅದ್ದಿದ ಮೇಲೆ ನೀರಿನಲ್ಲಿ ತೊಳೆಯುವ ಅಗತ್ಯವಿಲ್ಲದ ಆಮ್ಲದ ದ್ರಾವಣವನ್ನು ಬಳಸಿ, ಕೊನೆಯಲ್ಲಿ ಸಮಾಧಾನಕ್ಕೆಂದು ನಲ್ಲಿನೀರಿನಲ್ಲಿ ಜಾಲಿಸಿದರೆ? ಮಗು ಸೀರೆ ಮುಟ್ಟಿದ ಹಾಗೆ. ತಮ್ಮ ಮಾಡಿದ್ದು ಅದನ್ನೇ. ಮನುಷ್ಯರನ್ನು ದೂರವಿಡುವ ಮಡಿಗೆ ನನ್ನ ವಿರೋಧವಿದೆ; ಬ್ಯಾಕ್ಟೀರಿಯಾ ವಿಷಯದಲ್ಲಿ ನಾನು ಅಜ್ಜಿಗಿಂತ ಕಟ್ಟುನಿಟ್ಟು.

ಇನ್ನೊಂದು ಅಡಗುತಾಣ ಬಕೆಟ್‌ನ ಅಡಿಯ ನಲ್ಲಿ. ಬಿಚ್ಚಿ ನೋಡು ಎಂದೆ. ಬಿಚ್ಚಿದ, ಆ ಫೋಟೊ ತೋರಿಸುವುದಿಲ್ಲ, ನೀವು ಊಟ ಮಾಡುತ್ತಿರಬಹುದು.

(ಪರದೆಯ ಮೇಲೆ: ಗಡಿಯಾರ)

ಸಂಕಲನ ಮಾಡುವವರು ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಇದು ವಿಷವೆ? ಅಲ್ಲ. ಮದ್ಯಸಾರ, ಹುಳಿ, ಹಾಪ್ಸ್‌ನ ಕಹಿ, ಈ ಮೂರೂ ಸೇರಿದ ಕಡೆ ನಮಗೆ ರೋಗ ತರುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಬೆಳೆಯುವುದಿಲ್ಲ. ಹಸಿರು, ಕಪ್ಪು ಬಣ್ಣದ ನವಿರಾದ ಬೂಷ್ಟು ಕಂಡರೆ ಮಾತ್ರ ಯೋಚಿಸದೆ ಚೆಲ್ಲಿ. ಮೊದಲ ವಾರದ ಕಂದು ನೊರೆ ಸೋಂಕಲ್ಲ, ಪಾಪ, ಅದು ಯೀಸ್ಟ್ ದುಡಿದ ಗುರುತು. ವಿನೆಗರ್ ವಾಸನೆ ಬಂದರೆ ಗಾಳಿ ಹೊಕ್ಕಿದೆ, ಅದಕ್ಕೆ ಮದ್ದಿಲ್ಲ. ಮೊಸರಿನ ಹುಳಿ ಬಂದರೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ, ಕುಡಿಯಲೂಬಹುದು.

ನಿಜವಾದ ಅಪಾಯ ಬಾಟಲಿಯಲ್ಲಿದೆ. ಮಾಮೂಲಿ ಯೀಸ್ಟ್ ಬಿಟ್ಟ ಸಕ್ಕರೆಯನ್ನು ಕಾಡು ಯೀಸ್ಟ್ ನಿಧಾನವಾಗಿ ತಿನ್ನುತ್ತಲೇ ಇರುತ್ತದೆ. ಮುಚ್ಚಳ ಬಿಗಿದರೆ ಅನಿಲ ತುಂಬಿ ಗಾಜು ಸಿಡಿಯಬಹುದು. ಸಕ್ಕರೆ ಕರಗಿದಂತೆ ಅಂಕಿ ಇಳಿಯುವ ತೇಲುಮಾಪಕ ಹೈಡ್ರೋಮೀಟರ್. ಅದರ ಅಳತೆ 1.012ರಲ್ಲಿ ನಿಂತಿತ್ತು, ಎರಡು ವಾರದ ನಂತರ 1.006 ಎಂದರೆ ಅತಿಥಿ ಇನ್ನೂ ಎಲೆಯ ಮುಂದಿದ್ದಾನೆ. ವಾರಗಟ್ಟಲೆ ಅಂಕಿ ಅಲ್ಲಾಡದೆ ನಿಲ್ಲುವವರೆಗೆ ಬಾಟಲಿ ಮುಟ್ಟಬೇಡಿ.

ನಿಲ್ಲಿ, ಇದೊಂದನ್ನು ಬಿಡಲಾರೆ. ಇಂದು ಮನೆಬಿಯರ್‌ನವರನ್ನು ಹೆದರಿಸುವ ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟ್‌ನ ಹೆಸರಿನ ಅರ್ಥ ಬ್ರಿಟಿಷ್ ಶಿಲೀಂಧ್ರ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಜ್ಞಾನಿ ಕ್ಲಾಸನ್ 1904ರಲ್ಲಿ ಈ ಹೆಸರಿಟ್ಟರು. ಬಹುಕಾಲ ಇಟ್ಟು ಮಾಗಿಸಿದ ಇಂಗ್ಲಿಷ್ ಬಿಯರ್‌ನ ವಿಶಿಷ್ಟ ರುಚಿ ಇದರಿಂದಲೇ ಎಂದು ಅವರು ತೋರಿಸಿದರು. ಬೆಲ್ಜಿಯಂನ ಲ್ಯಾಂಬಿಕ್ ಎಂಬ ಹುಳಿ ಬಿಯರ್‌ನ ತಯಾರಕರು ಇಂದಿಗೂ ಬಾಗಿಲು ತೆರೆದಿಟ್ಟು ಇದನ್ನೇ ಬರಮಾಡಿಕೊಳ್ಳುತ್ತಾರೆ. ತಮ್ಮನಿಗೆ ಹೇಳದೆ ಬಂದದ್ದಷ್ಟೇ ತಕರಾರು.

ಅವನು ಚೆಲ್ಲಲಿಲ್ಲ. ಹೊಸ ಬಿಯರ್‌ಗೆ ಹೊಸ ಬಕೆಟ್, ಹೊಸ ಕೊಳವೆ, ಹೊಸ ನಲ್ಲಿ ತಂದ. ಹಳೆಯದರ ಮೇಲೆ ದಪ್ಪ ಅಕ್ಷರದಲ್ಲಿ 'ಹುಳಿ' ಎಂದು ಬರೆದು ಮೂಲೆಯಲ್ಲಿಟ್ಟು ಫೋಟೊ ಕಳಿಸಿದ. ಅಮ್ಮ ಕನ್ನಡಕ ಹಾಕಿಕೊಂಡು ಓದಿ, ಇಷ್ಟು ಹುಳಿಗೆ ತೊಗರಿಬೇಳೆ ಎಷ್ಟು ಹಾಕಿದ್ದಾನೆಂದು ಕೇಳಿದರು.